ಆಪಿಗೆ ಹಿಡಿದ ವಾರ

ಶಾಲು ಕಂಡರೆ ನನಗೆ ವಾಕರಿಕೆ ಬರುತ್ತದೆ. ಚಳಿಗೆ ಹೊದೆಯುವ ಶಾಲಲ್ಲ, ಸತ್ಕಾರದ ಶಾಲು. ಅಂಚಿಗೆ ಜರಿ, ಬಿಚ್ಚದ ಮಡಿಕೆ, ಪ್ಲಾಸ್ಟಿಕ್ ಚೀಲದ ವಾಸನೆ. ನಮ್ಮ ಗಡಿಭಾಗದ ಊರುಗಳಿಗೆ ಈ ರೋಗ ತಗಲಿ ಬಹಳ ವರ್ಷವಾಯಿತು. ಶಾಲೆಗೆ ಡೆಸ್ಕು ಕೊಡಿಸಿದವನಿಗೆ ಸತ್ಕಾರ, ಡೆಸ್ಕು ಹೇರಿಕೊಂಡು ಬಂದ ಟೆಂಪೋದವನಿಗೆ ಸತ್ಕಾರ, ಇವರಿಬ್ಬರ ಸತ್ಕಾರ ಏರ್ಪಡಿಸಿದವನಿಗೆ ಕೊನೆಯಲ್ಲಿ ಇನ್ನೊಂದು ಸತ್ಕಾರ. ತಲೆಗೆ ಕೇಸರಿ ಫೇಟಾ ಸುತ್ತಿಸಿಕೊಂಡು ಫೋಟೊಗೆ ಹಲ್ಲು ಕಿರಿಯುತ್ತ ನಿಂತ ಗಂಡಸರನ್ನು ನೋಡಿದರೆ ನನಗೆ ಊಟ ಸೇರುವುದಿಲ್ಲ. ನಿಪ್ಪಾಣಿಯ ನಮ್ಮ ಮನೆಯಲ್ಲಿ ಅಪ್ಪನಿಗೆ ಬಂದ ಶಾಲುಗಳನ್ನು ಅವ್ವ ಇಸ್ತ್ರಿ ಮಾಡುವಾಗ ಕೆಳಗೆ ಹಾಸುತ್ತಾಳೆ. ಅದಕ್ಕೆ ಮಾತ್ರ ಅವು ಲಾಯಕ್ಕು.

ಮೊದಲು ನಾನು ಇಷ್ಟು ಸಿಡುಕಿ ಇರಲಿಲ್ಲ. 2013ರ ಮೆಳವಟ್ಟಿ ನನ್ನನ್ನು ಹೀಗೆ ಮಾಡಿತು.

ಆಗ ನಾನು ಚಿಕ್ಕೋಡಿಯ ಒಂದು ಸಂಸ್ಥೆಯಲ್ಲಿ ಸಂಘಟಕಿಯಾಗಿದ್ದೆ. ಕೆರೆ, ಜೌಗು ಇರುವ ಊರುಗಳಿಗೆ ಹೋಗಿ ಜನರ ಸಂಘ ಕಟ್ಟುವುದು, ಆ ಸಂಘವೇ ತನ್ನ ಕೆರೆಯನ್ನು ಕಾಯುವಂತೆ ಬೆನ್ನಿಗೆ ನಿಲ್ಲುವುದು ನನ್ನ ಕೆಲಸ. ಹಣ ಮುಂಬೈಯ ಒಂದು ದತ್ತಿ ಸಂಸ್ಥೆಯಿಂದ ಬರುತ್ತಿತ್ತು. ನಮ್ಮ ಸಂಸ್ಥೆಯ ಮುಖ್ಯಸ್ಥರು ಸುಧೀರ ಸರ್. ಒಳ್ಳೆಯ ಮಾತುಗಾರರು. ಸಿಟ್ಟು ಬಂದಾಗಲೂ ನಗುತ್ತಲೇ ಮಾತಾಡುತ್ತಿದ್ದರು, ಅದಕ್ಕೇ ಅವರ ಮೇಲೆ ನನಗೆ ಪೂರ್ತಿ ನಂಬಿಕೆ ಯಾವತ್ತೂ ಹುಟ್ಟಲಿಲ್ಲ.

ಮೆಳವಟ್ಟಿ ರಾಯಬಾಗ ತಾಲೂಕಿನಲ್ಲಿದೆ, ಪಾಲಬಾವಿಯ ಬಸ್ಸಿನಿಂದ ಇಳಿದು ಸ್ವಲ್ಪ ನಡೆಯಬೇಕು. ಊರ ಪಕ್ಕದಲ್ಲೇ ಕೆರೆ. ಊರ ಕಡೆಯ ದಂಡೆಯಲ್ಲಿ ನೀರು ಮೊಣಕಾಲುದ್ದ ಮಾತ್ರ, ಅಲ್ಲೆಲ್ಲ ಒತ್ತಾಗಿ ಜೊಂಡು. ಅಲ್ಲಿಯವರು ಅದಕ್ಕೆ ಆಪು ಎನ್ನುತ್ತಾರೆ. ಊರಿನ ಗಟಾರವೆಲ್ಲ ಬಂದು ಆ ಆಪಿನೊಳಗೇ ಬೀಳುತ್ತಿತ್ತು. ಕರ್ರಗೆ ಒಳಹೋದ ನೀರು ಬೇರುಗಳ ನಡುವೆ ನಿಂತು, ಸೋಸಿ, ಆಚೆ ಬದಿಗೆ ಬರುವಾಗ ನೀರಿನ ಬಣ್ಣಕ್ಕೆ ಬಂದಿರುತ್ತಿತ್ತು. ಕೆರೆಯ ಏರಿಯ ಕೆಳಗೆ ಊರು ಕುಡಿಯುವ ಬಾವಿ ಇತ್ತು. ಮಳೆಗಾಲದಲ್ಲಿ ಆಪಿನ ನಡುವೆ ಜಂಬುಕೋಳಿಗಳು ಗೂಡು ಕಟ್ಟುತ್ತಿದ್ದವು. ನೀಲಿ ಮೈ, ಕೆಂಪು ಕೊಕ್ಕು, ಉದ್ದ ಬೆರಳಿನ ಹಕ್ಕಿ. ಕೂಗು ಮಾತ್ರ ಕಿವಿಗೆ ಹಿತವಲ್ಲ.

ಆ ಆಪಿನಿಂದ ಬದುಕುತ್ತಿದ್ದವಳು ದುಂಡವ್ವ. ಗಂಡ ತೀರಿಕೊಂಡಿದ್ದ. ಮಗಳು ನೀಲಮ ಹತ್ತನೆಯ ಇಯತ್ತೆಯಲ್ಲಿದ್ದಳು. ದುಂಡವ್ವ ಆಪು ಕೊಯ್ದು, ಒಣಗಿಸಿ, ಚಾಪೆ ನೇಯುತ್ತಿದ್ದಳು. ಆದರೆ ಊರವರು ಕಂಡಕಂಡಾಗ ಎಮ್ಮೆ ಬಿಟ್ಟು, ಕಂಡಕಂಡಾಗ ಕಡಿದು, ಆಪು ಯಾವ ವರ್ಷವೂ ಚಾಪೆಗೆ ಬೇಕಾದಷ್ಟು ಉದ್ದ ಬೆಳೆಯುತ್ತಿರಲಿಲ್ಲ. ಹೀಗಾಗಿ ದೀಪಾವಳಿ ಮುಗಿದದ್ದೇ ಅವಳು ಮಗಳನ್ನು ಕಟ್ಟಿಕೊಂಡು ಕಬ್ಬು ಕಡಿಯುವ ಗ್ಯಾಂಗಿನ ಟ್ರ್ಯಾಕ್ಟರ್ ಹತ್ತುತ್ತಿದ್ದಳು. ಮತ್ತೆ ಊರು ಕಾಣುವುದು ಬೇಸಿಗೆಗೆ. ನೀಲಮ ಪ್ರತಿ ವರ್ಷ ಅರ್ಧ ಪಾಠ ಬಿಟ್ಟೇ ಪಾಸಾಗಿದ್ದಳು, ಆದರೆ ಹತ್ತನೆಯ ಇಯತ್ತೆ ಹಾಗೆ ದಾಟುವಂಥದ್ದಲ್ಲ.

"ಈ ವರ್ಷ ಒಂದ್ ನಾ ಊರಾಗ ಉಳದ್ರ ಸಾಕ್ರಿ ಬಾಯಾರ," ಎಂದಿದ್ದಳು ಮೊದಲ ದಿನವೇ. "ಹುಡುಗಿ ಪರೀಕ್ಷಾ ಕುಂದರ್ತಾಳ. ಮುಂದಿಂದ ಮುಂದ."

ನನಗೆ ಆ ಊರಲ್ಲಿ ಕೆಲಸ ಎಂದರೆ ಆ ಒಂದು ಮಾತು ಎನಿಸಿಬಿಟ್ಟಿತು. ಕಾಗವಾಡದ ದ್ರಾಕ್ಷಿ ತೋಟದವರೊಬ್ಬರು ಶೆಡ್ಡಿನ ಸುತ್ತ ಕಟ್ಟಲು ಉದ್ದ ಚಾಪೆ ಬೇಕು ಎಂದಿದ್ದರು. ಅವರನ್ನು ಹಿಡಿದು ಮಾತು ಪಕ್ಕಾ ಮಾಡಿಸಿದೆ. ಇನ್ನು ಆಪು ದಸರೆಯವರೆಗೆ ಉಳಿಯಬೇಕಿತ್ತು, ಅಷ್ಟೇ. ಅಷ್ಟರಲ್ಲಿ ಹಕ್ಕಿಗಳ ಮರಿ ಹಾರಿರುತ್ತವೆ, ಆಪು ಬಲಿತಿರುತ್ತದೆ, ದುಂಡವ್ವ ಅರ್ಧ ಕೊಯ್ದು ಅರ್ಧ ಬಿಡುತ್ತಾಳೆ.

ಸಂಘದ ಸಭೆಯಲ್ಲಿ ಎಮ್ಮೆ ಬಿಡಬೇಡಿ, ಕಡಿಯಬೇಡಿ ಎಂದು ನಾನು ಎಷ್ಟು ಹೇಳಿದರೂ ಎಲ್ಲರೂ ತಲೆಯಾಡಿಸುವುದು, ಮರುದಿನ ಎಮ್ಮೆ ಆಪಿನೊಳಗಿರುವುದು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಆಷಾಢ ಬಂತು. ಮೆಳವಟ್ಟಿಯಲ್ಲಿ ಆಷಾಢಕ್ಕೆ ವಾರ ಹಿಡಿಯುತ್ತಾರೆ. ಐದು ಮಂಗಳವಾರ ಲಗಮವ್ವನ ಹೆಸರಿನಲ್ಲಿ ಇಡೀ ಊರು ಕೈಕಟ್ಟಿ ಕೂರುತ್ತದೆ. ಯಾರೂ ಹೊಲಕ್ಕೆ ಹೋಗುವುದಿಲ್ಲ, ಗಳೆ ಹೂಡುವುದಿಲ್ಲ, ಒಲೆಯ ಮೇಲೆ ರೊಟ್ಟಿಯ ಹೆಂಚು ಇಡುವುದಿಲ್ಲ. ಪೊಲೀಸರು ಹೇಳಿದರೂ ಕೇಳದ ಪುಂಡರು ಆ ದಿನ ಕುಡುಗೋಲು ಮುಟ್ಟುವುದಿಲ್ಲ. ನಾನು ಬೌದ್ಧರ ಮನೆಯವಳು, ಲಗಮವ್ವನಿಗೂ ನನಗೂ ಅಂಥ ಪರಿಚಯವಿಲ್ಲ. ಆದರೆ ಊರು ಯಾರ ಮಾತು ಕೇಳುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು.

"ಊರಿಗಿ ವಾರ ಹಿಡೀತೀರಿ. ಆಪಿಗಿ ಯಾಕ ಹಿಡೀಬಾರದು?" ಎಂದು ಸಭೆಯಲ್ಲಿ ಕೇಳಿದೆ.

ಎಲ್ಲರೂ ಕೆರೆಯ ಕಡೆ ತಿರುಗಿದರು. ಲಗಮವ್ವನ ಗುಡಿ ಇರುವುದು ಕೆರೆಯ ದಂಡೆಯಲ್ಲೇ.

"ಹಿಡೀಬಹುದಲ್ಲ," ಎಂದಳು ದುಂಡವ್ವ. "ಆಪೂ ಆಕೀ ನೆರಳಾಗ ಐತಿ."

ಸಂಘದ ಅಧ್ಯಕ್ಷ ಆಬಾಸಾಹೇಬ ಕಾಕಾ. ಕಬ್ಬಿನ ಹೊಲ, ದೊಡ್ಡ ಮೀಸೆ, ಯಾರು ಬಂದರೂ ಚಹಾ ಕುಡಿಸದೆ ಕಳಿಸದ ಮನುಷ್ಯ. ಅವರಿಗೆ ಈ ಮಾತು ಬಹಳ ಹಿಡಿಸಿತು. ತಾವೇ ಎದ್ದು ಹೋಗಿ ಗುಡಿಯ ಮುಂದೆ ಕಾಯಿ ಒಡೆದರು. ಊರಿಗೆ ಐದು ವಾರ, ಆಪಿಗೆ ದಸರೆಯ ತನಕ. ಅಲ್ಲಿಯವರೆಗೆ ಅದರೊಳಗೆ ಮನುಷ್ಯ ಕಾಲಿಡಬಾರದು, ದನ ಬಾಯಿ ಹಾಕಬಾರದು. ದಸರೆಯ ಮೇಲೆ ಮೂರು ವರ್ಷ ಅದನ್ನು ಕೊಯ್ಯುವ ಹಕ್ಕು ದುಂಡವ್ವನದು.

ಅದು ನಡೆಯಿತು ಎಂಬುದೇ ಆಶ್ಚರ್ಯ. ಎಮ್ಮೆಗಳು ತಾವಾಗಿಯೇ ಹೋದರೆ ಹುಡುಗರು ಹೌಹಾರಿ ಅಟ್ಟಿಕೊಂಡು ಬರುತ್ತಿದ್ದರು. ಶ್ರಾವಣದ ಹೊತ್ತಿಗೆ ಆಪು ಆಳುದ್ದ ದಾಟಿತು. ನಾನು ಹೋದಾಗಲೆಲ್ಲ ದುಂಡವ್ವ ಏರಿಯ ಮೇಲೆ ಕೂತಿರುತ್ತಿದ್ದಳು. ಒಂದು ಕಡ್ಡಿಯನ್ನೂ ಮುಟ್ಟದೆ, ಬರೀ ನೋಡುತ್ತ. ಮನೆಯಲ್ಲಿ ಹಾಸಲು ಚಾಪೆ ಹರಿದಿತ್ತು, ಅದಕ್ಕೂ ಅವಳು ಕೊಯ್ಯಲಿಲ್ಲ.

ಗಣಪತಿ ಹಬ್ಬಕ್ಕೆ ಮುಂಚೆ ಸುಧೀರ ಸರ್ ಫೋನು ಮಾಡಿದರು. ಮುಂಬೈಯವರು ಬರುತ್ತಾರೆ, ಮೆಳವಟ್ಟಿಯನ್ನೇ ನೋಡುತ್ತಾರೆ, ಆಬಾಸಾಹೇಬರಿಗೆ ತಿಳಿಸಿದ್ದೇನೆ ಎಂದರು. ನನ್ನನ್ನು ಆ ವಾರವೇ ಧಾರವಾಡಕ್ಕೆ ತರಬೇತಿಗೆ ಕಳಿಸಿದ್ದರು. ಜೌಗು ಎಂದರೇನು ಎಂದು ಒಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸುತ್ತಿದ್ದರು. ನಾನು ಕೂತು ಆಕಳಿಸುತ್ತಿದ್ದೆ.

ತರಬೇತಿ ಮುಗಿಸಿ, ಅತಿಥಿಗಳು ಬರುವ ಹಿಂದಿನ ದಿನ ಮಧ್ಯಾಹ್ನ ನಾನು ಮೆಳವಟ್ಟಿಯ ತಿರುವಿನಲ್ಲಿ ಬಸ್ಸಿಳಿದೆ. ಇಳಿದ ಕೂಡಲೇ ವಾಸನೆ ಹೊಡೆಯಿತು. ಕೊಳೆತ ಹುಲ್ಲಿನದು, ಸುಟ್ಟ ಹುಲ್ಲಿನದು, ಅದರ ಮೇಲೆ ಔಷಧಿಯ ಕಮಟು. ಸೆರಗು ಮೂಗಿಗೆ ಒತ್ತಿಕೊಂಡು ಏರಿ ಹತ್ತಿದೆ.

ಆಪು ಇರಲಿಲ್ಲ.

ಒಂದು ಕಡ್ಡಿಯೂ ಇರಲಿಲ್ಲ. ಕಳೆಗೆ ಹೊಡೆಯುವ ಔಷಧಿ ಹೊಡೆದು ಒಣಗಿಸಿ, ಬೆಂಕಿ ಹಚ್ಚಿ, ಬೆಂಕಿಗೆ ಬಗ್ಗದ್ದನ್ನು ಜೆಸಿಬಿಯಿಂದ ಬುಡಸಮೇತ ಎತ್ತಿ ದಂಡೆಗೆ ಗುಡ್ಡೆ ಹಾಕಿದ್ದರು. ಜೆಸಿಬಿ ಓಡಿಸುವ ಮಲಕಾರಿ ಇನ್ನೂ ದಂಡೆಯನ್ನು ಸಪಾಟು ಮಾಡುತ್ತಿದ್ದ. ಗಟಾರದ ನೀರು ಈಗ ತಡೆಯಿಲ್ಲದೆ, ಕಪ್ಪು ನಾಲಗೆ ಚಾಚಿದಂತೆ, ನೇರವಾಗಿ ಕೆರೆಯ ನಡುವಿನವರೆಗೆ ಹೋಗಿತ್ತು. ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ದಂಡೆಗೆ ತಾಗಿ ನಿಂತಿದ್ದವು. ಗುಡ್ಡೆಯ ಬುಡದಲ್ಲಿ ಅರೆಸುಟ್ಟ ಗೂಡು, ಅದರೊಳಗೆ ಒಡೆದ ಮೊಟ್ಟೆ, ಮೊಟ್ಟೆಯ ಮೇಲೆ ನೊಣ. ನನಗೆ ಅಲ್ಲೇ ವಾಂತಿಯಾಯಿತು. ಅದೂ ಅದೇ ಹೊಲಸಿನ ಮೇಲೆ ಬಿತ್ತು, ಗುರುತೂ ಸಿಗಲಿಲ್ಲ.

ಆಬಾಸಾಹೇಬ ಕಾಕಾ ಪೆಂಡಾಲಿನವರಿಗೆ ಕಂಬ ಎಲ್ಲಿ ನೆಡಬೇಕೆಂದು ತೋರಿಸುತ್ತಿದ್ದವರು ನನ್ನನ್ನು ನೋಡಿ ಮುಖ ಅರಳಿಸಿಕೊಂಡು ಬಂದರು.

"ಬರ್ರಿ ಮ್ಯಾಡಮ್, ಬರ್ರಿ. ನೋಡ್ರಿ ಹೆಂಗಾಗೇತಿ! ಸುಧೀರ ಸರ್ ಫೋನ್ ಮಾಡಿದ್ದ ತಡ, ಇಡೀ ಊರ ಹೊಂಟ ನಿಂತು."

"ಕಾಕಾ, ಇದೇನ್ರಿ ಇದು? ದಸರಾತನಕ ವಾರ ಹಿಡದಿದ್ದಿಲ್ಲೇನ್ರಿ?"

"ವಾರ ಮುರದಿಲ್ರಿ!" ಅವರು ಗಾಬರಿಯಾಗಿ ಕಿವಿ ಮುಟ್ಟಿಕೊಂಡರು. "ಅಂಥಾದ್ ಮಾಡ್ತೀವೇನ್ರಿ ನಾವು? ಲಗಮವ್ವಗ ಕೇಳೇವಿ. ತಾಯಿ, ಮುಂಬೈದಿಂದ ಪಾವಣ್ಯಾರ ಬರಾಕತ್ತಾರ, ನಿನ್ನ ವಾರ ಈಗ ಮುಗಸಲೇನು ಅಂದ್ರ, ಬಲಕ್ಕ ಹೂ ಕೊಟ್ಟಾಳ. ನಾಕ ಮಂದಿ ಎದುರಿಗೆ ಕೊಟ್ಟಾಳ. ವಾರ ಮುಗದಮ್ಯಾಲ ಹೊಲಸ ತಗದು ಸೀಮಿ ದಾಟಸಬೇಕು, ಅದು ಪದ್ಧತಿ. ದಾಟಸಾಕತ್ತೇವಿ."

ನನಗೆ ಆಮೇಲೆ ಪೂರ್ತಿ ಅರ್ಥವಾಯಿತು. ಆಷಾಢದ ಕೊನೆಯ ಮಂಗಳವಾರ ವಾರ ಮುಗಿದಾಗ ಊರಲ್ಲಿ ಮನೆಮನೆಯ ಕಸ, ಹಳೆಯ ಪೊರಕೆ, ಮುರಿದ ಮೊರ ಎಲ್ಲವನ್ನೂ ಗುಡಿಸಿ ಊರ ಗಡಿಯಾಚೆ ಎಸೆದು ಬರುತ್ತಾರೆ. ಊರಿಗೆ ಮಾಡಿದ್ದನ್ನೇ ಆಪಿಗೆ ಮಾಡಿದ್ದರು. ಆಪಿನಲ್ಲಿ ಇದ್ದದ್ದೆಲ್ಲ ಅವರ ಪಾಲಿಗೆ ಹೊಲಸು, ಆಪೂ ಸೇರಿ.

"ಹೊಲಸು ಗಟಾರದಾಗ ಐತ್ರಿ ಕಾಕಾ! ಆಪು ಹೊಲಸಲ್ರಿ!" ನಾನು ಕಿರುಚಿದೆ. ಪೆಂಡಾಲಿನವರು ತಿರುಗಿ ನೋಡಿದರು.

"ಹಂಗ್ಯಾಕ ಸಿಟ್ಟಾಗ್ತೀರಿ? ಮನೀಗಿ ಬೀಗರ ಬರ್ತಾರಂದ್ರ ಅಂಗಳಾ ಬಳಿಯೂದಿಲ್ಲೇನ್ರಿ? ಗಿಡಗಂಟಿ ಬೆಳದ್ ನಿಂತಲ್ಲಿ ಮುಂಬೈ ಮಂದೀನ ಹೆಂಗ್ ಕರಕೊಂಡ್ ಹೋಗೂದು? ಹಾವ ಹುಳಾ ಕಡದ್ರ?" ಅವರ ಮುಖದಲ್ಲಿ ಕಪಟ ಇರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೇಸುವಂತೆ ಮಾಡಿತು. ಕೆಟ್ಟವನಾಗಿದ್ದರೆ ಬೈದು ಬಾಯಿ ತೊಳೆದುಕೊಳ್ಳಬಹುದಿತ್ತು.

ಸುಧೀರ ಸರ್‌ಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, ಅದೇ ನಗುವ ದನಿಯಲ್ಲಿ, "ಆದದ್ದು ಆಯಿತು ಪ್ರಾಜಕ್ತಾ. ಶ್ರಮದಾನ ಅಂತ ತೋರಿಸೋಣ. ಇಡೀ ಊರು ಸೇರಿ ದುಡಿದದ್ದು ಎಲ್ಲಿ ಸಿಗುತ್ತದೆ? ನೀನು ನಾಳೆ ಮುಖ ಗಂಟು ಹಾಕಿಕೊಂಡು ನಿಲ್ಲಬೇಡ," ಎಂದರು.

ದುಂಡವ್ವ ಗುಡಿಯ ಕಟ್ಟೆಯ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಮಾವಶಿ, ನೀವರ ಬ್ಯಾಡ ಅನಬೇಕಿತ್ತಲ್ಲ."

"ಅಂದೆ. ಜೆಸಿಬಿ ಮುಂದ ಹೋಗಿ ನಿಂತೆ. ಮಲಕಾರಿ ಅಂದ, ಯಕ್ಕಾ, ದೇವಿ ಹೂ ಕೊಟ್ಟಾಳ, ನೀ ಯಾರ ಬ್ಯಾಡ ಅನಾಕ ಅಂತ." ಅವಳು ಗುಡಿಯ ಕಡೆ ತಿರುಗಿಯೂ ನೋಡಲಿಲ್ಲ. "ಹೂ ಬಲಕ್ಕ ಬಿದ್ದದ್ದು ಖರೇ ಬಾಯಾರ. ನಾನೂ ನೋಡೇನಿ. ಎಡಕ್ಕ ಒಂದೂ ಹೂ ಇಟ್ಟಿದ್ದಿಲ್ಲ."

ಸುಟ್ಟದ್ದರಲ್ಲಿ ಏನಾದರೂ ಉಳಿದೀತೇ ಎಂದು ಬೆಳಗಿನಿಂದ ಗುಡ್ಡೆ ಕೆದಕಿದ್ದಳಂತೆ. ಅವಳ ಕೈಯೆಲ್ಲ ಮಸಿಯಾಗಿತ್ತು.

ಮರುದಿನ ಮುಂಬೈಯವರು ಬಂದರು. ಇಬ್ಬರು ಗಂಡಸರು, ಒಬ್ಬ ಹೆಂಗಸು. ಊರ ಬಾಗಿಲಿನಿಂದಲೇ ಹಲಗೆಯ ಬಡಿತ, ಪಟಾಕಿ. ದಂಡೆಗೆ ಕೆಮ್ಮಣ್ಣು ಹಾಸಿ, ಅಂಚಿಗೆ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ ಎಳೆದು, ನಡುವೆ ರಂಗೋಲಿ ಬಿಡಿಸಿದ್ದರು. ವಾಸನೆಗೆ ಕಟ್ಟುಗಟ್ಟಲೆ ಊದಿನಕಡ್ಡಿ ಹಚ್ಚಿ ಬಾಳೆಹಣ್ಣಿಗೆ ಚುಚ್ಚಿ ಸಾಲಾಗಿ ಇಟ್ಟಿದ್ದರು. ಗಟಾರದ ನಾತ, ಊದಿನಕಡ್ಡಿಯ ಘಮ, ಸುಟ್ಟ ಬೇರಿನ ಹೊಗೆ, ಮೂರೂ ಕೂಡಿ ಮೂಗಿನಲ್ಲಿ ಕೂತದ್ದು ಇವತ್ತಿಗೂ ಇಳಿದಿಲ್ಲ.

"ಕಿತನಾ ಸಾಫ್ ಹೈ," ಎಂದಳು ಮುಂಬೈಯ ಹೆಂಗಸು, ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ. ಮೂಗು ಮುಚ್ಚಿಕೊಂಡು ಸ್ವಚ್ಛತೆ ಹೊಗಳುವವರನ್ನು ನಾನು ಮೊದಲ ಸಲ ನೋಡಿದ್ದು ಆಗ.

"ಹಕ್ಕಿಗಳು?" ಎಂದು ಒಬ್ಬಾತ ಕೇಳಿದ.

ಅದಕ್ಕೂ ವ್ಯವಸ್ಥೆ ಆಗಿತ್ತು. ಆಬಾಸಾಹೇಬ ಕಾಕಾ ಕೈ ಬೀಸಿದರು. ಏರಿಯ ಮರೆಯಿಂದ ಮಲಕಾರಿ ಬುಟ್ಟಿಗಳ ಬಾಯಿ ಬಿಚ್ಚಿದ. ಮಿರಜದಲ್ಲಿ ಸಾಕಿದ ಬಿಳಿ ಬಾತುಕೋಳಿಗಳು ಕ್ವಾಕ್ ಕ್ವಾಕ್ ಎನ್ನುತ್ತ ಕಪ್ಪು ನೀರಿಗೆ ಇಳಿದವು. ರೆಕ್ಕೆ ಕತ್ತರಿಸಿದ ಕೋಳಿಗಳು, ಹಾರಿ ಹೋಗುವ ಭಯವಿಲ್ಲ. ಅತಿಥಿಗಳು ಫೋಟೊ ತೆಗೆದೇ ತೆಗೆದರು. ನಾನು ಸುಧೀರ ಸರ್ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಅವರಿಗೆ ಬಾತುಕೋಳಿ ಗೊತ್ತಿಲ್ಲದೆ ಇಲ್ಲ, ಮುಂಬೈಯವರಿಗೂ ಗೊತ್ತಿಲ್ಲದೆ ಇರಲಾರದು. ಆದರೆ ಊರ ಬಾಗಿಲಲ್ಲೇ ಫೇಟಾ ತಲೆಗೆ ಏರಿದ ಮೇಲೆ ಯಾರೂ ಏನೂ ಕೇಳುವುದಿಲ್ಲ, ಫೇಟಾ ಸುತ್ತುವುದೇ ಅದಕ್ಕೆ.

ಸತ್ಕಾರ ಶುರುವಾಯಿತು. ಮುಂಬೈಯವರಿಗೆ, ಸುಧೀರ ಸರ್‌ಗೆ, ಜೆಸಿಬಿಯ ಮಾಲೀಕನಿಗೆ, ಪೆಂಡಾಲಿನವನಿಗೆ. ಪ್ರತಿಯೊಬ್ಬನಿಗೂ ಮೈಕಿನಲ್ಲಿ ಹೊಗಳಿಕೆ, ಚಪ್ಪಾಳೆ. ನನ್ನ ಹೆಸರು ಕರೆದಾಗ ಮೈಗೆ ಹುಷಾರಿಲ್ಲ ಎಂದು ಕೂತಲ್ಲೇ ಕೈ ಮುಗಿದೆ. ಅದು ಸುಳ್ಳೂ ಆಗಿರಲಿಲ್ಲ.

ಕೊನೆಗೆ ದುಂಡವ್ವನನ್ನು ಕರೆದರು.

"ಈ ತಾಯಿ ನಮ್ಮ ಆಪು ಕಾದಾಕಿ," ಎಂದು ಆಬಾಸಾಹೇಬ ಕಾಕಾ ಮೈಕಿನಲ್ಲಿ ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಆಪು ಎಲ್ಲಿ ಎಂದು ಒಬ್ಬನೂ ತಿರುಗಿ ನೋಡಲಿಲ್ಲ. ನನಗೆ ಆ ಚಪ್ಪಾಳೆ ತಟ್ಟಿದ ಕೈಗಳನ್ನೆಲ್ಲ ಗಟಾರದಲ್ಲಿ ಅದ್ದಬೇಕು ಎನಿಸಿತು.

ದುಂಡವ್ವ ಒಗೆದ ಸೀರೆ ಉಟ್ಟು ಬಂದಿದ್ದಳು. ಉಗುರಿನ ಸಂದಿಯ ಮಸಿ ಮಾತ್ರ ಹೋಗಿರಲಿಲ್ಲ. ಮುಂಬೈಯ ಹೆಂಗಸು ಶಾಲು ಬಿಚ್ಚಿ ಹೊದಿಸಲು ಹೋದಳು. ದುಂಡವ್ವ ಅದನ್ನು ಕೈಯಲ್ಲೇ ಹಿಡಿದು ತಡೆದಳು. ಒರಟಾಗಿ ಅಲ್ಲ, ಊಟದಲ್ಲಿ ಸಾಕು ಎನ್ನುವ ಹಾಗೆ.

"ಶಾಲ ಬ್ಯಾಡ್ರಿ ಬಾಯಾರ," ಎಂದಳು. ಮೈಕು ಹತ್ತಿರವಿತ್ತು, ಎಲ್ಲರಿಗೂ ಕೇಳಿಸಿತು. "ಒಂದ್ ಕೊಯ್ತಾ ಕೊಡ್ರಿ. ನಂದು ಹಳೇ ಕೊಯ್ತಾ ಸವದೇತಿ. ಈ ವರ್ಷ ಬೇಕಾಗೂದಿಲ್ಲಂತ ಹಿಡಿ ಹಾಕಸಿದ್ದಿಲ್ಲ. ಈಗ ಬೇಕಾಗೇತಿ."

ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಆ ಊರಲ್ಲಿ ಅದು ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಹಿಂದಿನ ಸಾಲಿನಲ್ಲಿ ನೀಲಮ ತಲೆ ತಗ್ಗಿಸಿದಳು. ಇಷ್ಟು ಸಾಕು, ಈಗ ಯಾರಿಗಾದರೂ ನಾಚಿಕೆಯಾಗುತ್ತದೆ ಎಂದು ನಾನು ಕಾದೆ.

"ಏನು ಹೇಳುತ್ತಿದ್ದಾರೆ?" ಎಂದು ಮುಂಬೈಯ ಹೆಂಗಸು ಹಿಂದಿಯಲ್ಲಿ ಕೇಳಿದಳು.

ಸುಧೀರ ಸರ್ ಮುಂದೆ ಬಂದರು. ಅವರಿಗೆ ಕೊಯ್ತಾ ಗೊತ್ತು, ಅವರ ಅಣ್ಣಂದಿರು ಕಬ್ಬನ್ನು ಅದರಿಂದಲೇ ಕಡಿಸುತ್ತಾರೆ. ನಗುತ್ತ, "ಸನ್ಮಾನಕ್ಕಿಂತ ದುಡಿಮೆ ದೊಡ್ಡದು, ನನಗೆ ದುಡಿಯುವ ಸಾಧನ ಕೊಡಿ ಅನ್ನುತ್ತಿದ್ದಾರೆ," ಎಂದು ಹಿಂದಿಯಲ್ಲಿ ಹೇಳಿಬಿಟ್ಟರು.

ಮುಂಬೈಯ ಹೆಂಗಸಿನ ಕಣ್ಣು ತುಂಬಿತು. ಅವಳು ದುಂಡವ್ವನನ್ನು ತಬ್ಬಿಕೊಂಡಳು. ಪೆಂಡಾಲು ಮತ್ತೆ ಚಪ್ಪಾಳೆ ತಟ್ಟಿತು, ಮೊದಲಿಗಿಂತ ಜೋರಾಗಿ. ಶಾಲು ಕೊನೆಗೂ ದುಂಡವ್ವನ ಹೆಗಲ ಮೇಲೆ ಬಿತ್ತು. ಅವಳು ಅದನ್ನು ಹೊದ್ದುಕೊಂಡೇ ಕೆಳಗಿಳಿದು, ನನ್ನ ಮುಂದೆ ಹಾದು ಹೋದಳು.

"ಮಾವಶಿ," ಎಂದೆ.

"ನೀವೇನ್ ಮಾಡ್ತೀರಿ ಬಾಯಾರ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅತಿಥಿಗಳು ಶಿರಾ, ಪೂರಿ ಉಂಡು ಹೊರಟರು. ಅವರ ಕಾರು ತಿರುವು ದಾಟುವ ಮೊದಲೇ ಮಲಕಾರಿ ನೀರಿಗಿಳಿದು ಬಾತುಕೋಳಿಗಳನ್ನು ಹಿಡಿಯತೊಡಗಿದ; ಬಾಡಿಗೆಯವು, ಸಂಜೆಯೊಳಗೆ ವಾಪಸ್ಸು ಹೋಗಬೇಕಿತ್ತು. ಬಿಳಿ ಹಕ್ಕಿಗಳೆಲ್ಲ ಹೊಟ್ಟೆಯ ಕೆಳಗೆ ಕರ್ರಗಾಗಿದ್ದವು. ಕಾಗವಾಡದವರಿಗೆ ನಾನೇ ಫೋನು ಮಾಡಿ ಚಾಪೆ ಬರುವುದಿಲ್ಲ ಎಂದೆ. ಅವರು ತಗಡು ಹಾಕಿಸಿಕೊಳ್ಳುತ್ತೇವೆ ಬಿಡಿ ಎಂದರು.

ದಸರೆಯ ಹೊತ್ತಿಗೆ ಬಾವಿಯ ನೀರು ನಾರತೊಡಗಿತು. ಊರವರು ಮೂಗು ಹಿಡಿದು ಸೇದಿದರು, ಬಟ್ಟೆ ಕಟ್ಟಿ ಸೋಸಿದರು, ಲಗಮವ್ವನಿಗೆ ಏನೋ ಕಡಿಮೆಯಾಗಿದೆ ಎಂದು ಮಾತಾಡಿಕೊಂಡರು. ಆಪಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಾನು ಹೇಳಿದರೆ, "ಅದು ಹೆಂಗ್ರಿ? ಈಗ ಕೆರಿ ಎಷ್ಟ ಚಂದ ಕಾಣತೈತಿ," ಎಂದರು.

ದೀಪಾವಳಿಗೆ ಮುಂಬೈಯಿಂದ ಪೆಟ್ಟಿಗೆ ಬಂತು. ಯಾರೂ ಸುದ್ದಿ ಮಾಡಲಿಲ್ಲ, ಈ ಸಲ ಸತ್ಕಾರವೂ ಇರಲಿಲ್ಲ. ಸುಧೀರ ಸರ್ ನನ್ನ ಕೈಗೇ ಕೊಟ್ಟು ಹಂಚಿ ಬಾ ಎಂದರು. ಪೆಟ್ಟಿಗೆಯ ತುಂಬ ಹೊಸ ಕೊಯ್ತಾ. ಹಿಡಿಯ ಮೇಲೆ ದತ್ತಿ ಸಂಸ್ಥೆಯ ಹೆಸರು, ಅದರ ಕೆಳಗೆ ಹಾರುವ ಹಕ್ಕಿಯ ಚಿತ್ರ. ಜೌಗು ಉಳಿಸುವ ಹಣದಲ್ಲಿ ಕಬ್ಬು ಕಡಿಯುವ ಕತ್ತಿ ಮಾಡಿಸಿದ್ದರು. ಅದನ್ನು ಹೊತ್ತುಕೊಂಡು ಬಸ್ಸಿನಲ್ಲಿ ಹೋಗುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು.

ದುಂಡವ್ವ ಒಂದನ್ನು ತೆಗೆದುಕೊಂಡು, ಹೆಬ್ಬೆರಳಿನಿಂದ ಅಲಗು ಸವರಿ ನೋಡಿದಳು.

"ಚಲೋ ಐತಿ," ಎಂದಳು.

ಮುಂದಿನ ವಾರ ಗ್ಯಾಂಗಿನ ಟ್ರ್ಯಾಕ್ಟರ್ ಬಂತು. ನಾನು ಬೇಕೆಂದೇ ಹೋಗಿದ್ದೆ. ಪಾತ್ರೆ, ಹಾಸಿಗೆ, ಕೋಳಿಯ ಬುಟ್ಟಿ, ಅದರ ಮೇಲೆ ಜನ. ನೀಲಮ ಸತ್ಕಾರದ ಆ ಶಾಲು ತಲೆಗೆ ಕಟ್ಟಿಕೊಂಡು ಕೂತಿದ್ದಳು. ಶಾಲೆಯ ಚೀಲ ಮಡಿಲಲ್ಲಿತ್ತು. ಪುಸ್ತಕ ಇದೆಯಾ ಎಂದು ಕೇಳಿದೆ. ರೊಟ್ಟಿ ಕಟ್ಟಿಕೊಂಡೀನ್ರಿ ಎಂದಳು. ಟ್ರ್ಯಾಕ್ಟರ್ ಕೆರೆಯ ಏರಿಯ ಮೇಲಿಂದಲೇ ಹೋಯಿತು. ದುಂಡವ್ವ ಕೆರೆಯ ಕಡೆ ಬೆನ್ನು ಮಾಡಿ ಕೂತಿದ್ದಳು.

ಕೆಲಸ ಬಿಡಬೇಕೆಂದುಕೊಂಡು ಅರ್ಜಿ ಬರೆಯಲು ಕೂತಿದ್ದಾಗಲೇ ಸುಧೀರ ಸರ್ ಕರೆದರು. ಮುಂಬೈಯವರು ಖುಷಿಯಾಗಿ ಇನ್ನೊಂದು ಊರು ಕೊಟ್ಟಿದ್ದರು. ಅಥಣಿ ತಾಲೂಕಿನ ಅನಂತಪುರದ ಆಚೆಯ ಹಳ್ಳಿ, ಮೆಳವಟ್ಟಿಯದಕ್ಕಿಂತ ದೊಡ್ಡ ಜೌಗು, ನೂರಾರು ಹಕ್ಕಿ. "ಈ ಸಲ ಮೊದಲಿನಿಂದ ನೀನೇ ನೋಡಿಕೊ, ನಿನ್ನ ಮಾತೇ ಕೊನೆ," ಎಂದರು. ನನಗೆ ಆಸೆಯಾಯಿತು. ಆಸೆ ಎಂಬುದು ಎಂಥ ನಾಚಿಕೆಗೇಡು ಎಂದರೆ, ಅಷ್ಟಾದ ಮೇಲೂ ಅದು ಹುಟ್ಟಿತು. ಈ ಸಲ ಮೊದಲ ಮಾತಿಗೇ ಹೇಳಬೇಕು, ಏನನ್ನೂ ಮುಟ್ಟಬೇಡಿ, ಯಾರು ಬಂದರೂ ಏನನ್ನೂ ಮಾಡಬೇಡಿ ಎಂದು; ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದನ್ನೇ ಮನಸ್ಸಿನಲ್ಲಿ ಜೋಡಿಸಿಕೊಂಡೆ.

ಊರ ಬಾಗಿಲಲ್ಲಿ ಹತ್ತಾರು ಜನ ನಿಂತಿದ್ದರು. ನಾನು ಬರುವುದನ್ನು ಮೆಳವಟ್ಟಿಯಿಂದ ಆಬಾಸಾಹೇಬ ಕಾಕಾ ಫೋನು ಮಾಡಿ ಹೇಳಿದ್ದರಂತೆ, ಅವರ ಬೀಗರ ಊರು ಅದು. ಮುಂದೆ ನಿಂತಿದ್ದ ಹಿರಿಯರೇ ಆ ಬೀಗರು. ಕೈ ಮುಗಿದು, ಬಾಯಿ ತುಂಬ ನಕ್ಕರು.

"ಬರ್ರಿ ಮ್ಯಾಡಮ್. ನೀವು ಬರ್ತೀರಂತ ಗೊತ್ತಾತು. ನಿಮಗ ಹೆಂಗ ಬೇಕಂತ ಬೀಗರು ಎಲ್ಲಾ ಹೇಳ್ಯಾರ. ನೀವು ಬಾಯಿ ತಗದು ಹೇಳೂದ ಬ್ಯಾಡ, ನಿನ್ನೀನ ಮುಗಿಸೇವಿ."

ಅವರ ಹಿಂದೆ, ಮನೆಗಳ ಸಾಲಿನ ಆಚೆ, ಹೊಗೆ ಏಳುತ್ತಿತ್ತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಹಿಂದಿನಿಂದ ಬಂದು ನನ್ನ ಹೆಗಲಿಗೆ ಶಾಲು ಹಾಕಿದರು, ಹೊಸ ಶಾಲು, ಅದಕ್ಕೂ ಆಗಲೇ ಹೊಗೆಯ ವಾಸನೆ ಹತ್ತಿತ್ತು.